ಬಿಡ್ತು ಅನ್ನು

ಮೂವತ್ತೊಂದು ವರ್ಷ ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದೆ. ಮೊದಲು ಮಾಲೂರು, ಆಮೇಲೆ ಮುಳಬಾಗಿಲು, ಕೊನೆಯ ಹನ್ನೊಂದು ವರ್ಷ ಶ್ರೀನಿವಾಸಪುರ. ಊರು ಬದಲಾದರೂ ಪಾಠದ ಕ್ರಮವನ್ನು ಬದಲಾಯಿಸಲಿಲ್ಲ. ಹತ್ತನೇ ತರಗತಿಗೆ ಸಬ್‌ಜಂಕ್ಟಿವ್ ಮೂಡ್ ಹೇಳಿಕೊಡುತ್ತಿದ್ದುದು ದಸರಾ ರಜೆ ಮುಗಿದ ಎರಡನೇ ವಾರ, ಮೂರು ಪೀರಿಯಡ್‌ಗಳಲ್ಲಿ. ಕರಿಹಲಗೆಯ ಮೇಲೆ ಎರಡು ಗೆರೆ ಎಳೆದು ಮೂರು ಭಾಗ ಮಾಡುತ್ತಿದ್ದೆ. ದಿನಕ್ಕೊಂದು ಭಾಗ ತುಂಬಬೇಕು. ತುಂಬಿದ್ದನ್ನು ಮೂರನೆಯ ದಿನ ಸಂಜೆಯವರೆಗೆ ಯಾರೂ ಅಳಿಸಬಾರದು.

ಮೊದಲನೆಯ ಭಾಗ, ಇಲ್ಲದ್ದನ್ನು ಇದೆ ಎಂದುಕೊಂಡು ಆಡುವ ಮಾತು. ‘ಇಫ್ ಐ ವರ್ ಎ ಬರ್ಡ್.’ ನಾನು ಹಕ್ಕಿಯಲ್ಲ, ಮುಂದೆ ಆಗುವುದೂ ಇಲ್ಲ. ಅದಕ್ಕೇ ಇಲ್ಲಿ ‘ವಾಸ್’ ಸಲ್ಲದು, ‘ವರ್’ ಬೇಕು. ಎರಡನೆಯ ಭಾಗ, ಇನ್ನೊಬ್ಬರು ಹೀಗೆ ಮಾಡಲಿ ಎಂಬ ಒತ್ತಾಯ, ಕೋರಿಕೆ, ಇಚ್ಛೆ. ‘ಐ ಇನ್ಸಿಸ್ಟ್ ದಟ್ ಹಿ ಕಮ್.’ ‘ಕಮ್ಸ್’ ಎಂದು ಬರೆದವರಿಗೆ ಅರ್ಧ ಅಂಕ ಕಡಿತ. ಅವನು ಇನ್ನೂ ಬಂದಿಲ್ಲ, ಬರುತ್ತಾನೋ ಇಲ್ಲವೋ ಗೊತ್ತಿಲ್ಲ, ಬರಲಿ ಎನ್ನುವುದಷ್ಟೇ ನಮ್ಮ ಕೈಯಲ್ಲಿರುವುದು. ಆದ್ದರಿಂದ ಆ ಕ್ರಿಯಾಪದಕ್ಕೆ ಬಾಲ ಹಚ್ಚುವ ಹಾಗಿಲ್ಲ. ಮೂರನೆಯ ಭಾಗ ಹರಕೆ, ಹಾರೈಕೆ, ಶಾಪ. ‘ಗಾಡ್ ಬ್ಲೆಸ್ ಯು’ ಎನ್ನುವಾಗ ದೇವರು ಹರಸುತ್ತಾನೆ ಎಂದು ಯಾರೂ ವರದಿ ಮಾಡುತ್ತಿಲ್ಲ, ಹರಸಲಿ ಎಂದು ಕೇಳುತ್ತಿದ್ದಾರೆ.

ಮಕ್ಕಳಿಗೆ ಇದು ಕಷ್ಟವಾಗುತ್ತಿರಲಿಲ್ಲ. ಕನ್ನಡದಲ್ಲಿ ಇವೆಲ್ಲ ದಿನಬಳಕೆಯವು. ಕಾಂಪೌಂಡು ಗೋಡೆ ಹತ್ತಿದ ಹುಡುಗನಿಗೆ ಅವರಮ್ಮ ‘ಬಿದ್ದೀಯ ಕಣೋ’ ಎಂದು ಕೂಗಿದಾಗ ಅವನು ಬಿದ್ದಿರುವುದಿಲ್ಲ. ‘ಮಳೆ ಬಂದೀತು, ರಾಗಿ ಎತ್ತಿಡಿ’ ಎಂದಾಗ ಮಳೆ ಬಂದಿರುವುದಿಲ್ಲ. ಆಗಿರುವುದು ಬೇರೆ, ಆಗಬಹುದಾದದ್ದು ಬೇರೆ, ಆಗಲಿ ಎಂದು ಬಯಸುವುದು ಬೇರೆ. ಇಷ್ಟು ಹೇಳಿದರೆ ಹಿಂದಿನ ಬೆಂಚಿನವರೂ ತಲೆಯಾಡಿಸುತ್ತಿದ್ದರು.

ತೊಂದರೆ ಬಂದದ್ದು ಅಭ್ಯಾಸದಲ್ಲಿ, ಅದೂ ಶ್ರೀನಿವಾಸಪುರದಲ್ಲಿ. ಹತ್ತು ವಾಕ್ಯಗಳ ಮೊದಲರ್ಧ ಕೊಟ್ಟು ಉಳಿದರ್ಧ ಬರೆಯಲು ಹೇಳುತ್ತಿದ್ದೆ. ಏಳನೆಯದು, ನನ್ನ ತಂದೆ ಬದುಕಿಲ್ಲದೆ ಹೋಗಿದ್ದರೆ, ಎಂಬ ಅರ್ಥದ್ದು. ಮಾಲೂರಿನಲ್ಲಿ ಮಕ್ಕಳು ಏನಾದರೂ ಬರೆದು ಮುಗಿಸುತ್ತಿದ್ದರು. ಓದು ಬಿಡುತ್ತಿದ್ದೆ, ಫ್ಯಾಕ್ಟರಿಗೆ ಸೇರುತ್ತಿದ್ದೆ ಎಂದು. ಶ್ರೀನಿವಾಸಪುರದಲ್ಲಿ ಮೊದಲ ವರ್ಷವೇ ಅರ್ಧಕ್ಕೂ ಹೆಚ್ಚು ಮಂದಿ ಏಳನೆಯದನ್ನು ಖಾಲಿ ಬಿಟ್ಟಿದ್ದರು. ಎಂಟು, ಒಂಬತ್ತು, ಹತ್ತು ಸರಿಯಾಗಿತ್ತು. ಮುಂದಿನ ಬೆಂಚಿನಲ್ಲಿದ್ದ, ಯಾವತ್ತೂ ಏನನ್ನೂ ಖಾಲಿ ಬಿಡದ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದೆ.

“ಯಾಕೆ ಬರೆದಿಲ್ಲ?”

“ಅಸ್ತು ದೇವತೆಗಳು ಇರ್ತಾರೆ ಮಿಸ್.”

ಅದು ನಮ್ಮ ಕಡೆಯ ಹಳೆಯ ನಂಬಿಕೆ. ತಲೆಯ ಮೇಲೆ ಸದಾ ಓಡಾಡಿಕೊಂಡಿರುವ ಈ ದೇವತೆಗಳು ಕೆಳಗೆ ಯಾರು ಏನಂದರೂ ‘ಅಸ್ತು’, ಹಾಗೇ ಆಗಲಿ, ಎಂದುಬಿಡುತ್ತಾರಂತೆ. ಯಾವ ಗಳಿಗೆಯಲ್ಲಿ ಎಂದು ಹೇಳಲಾಗದು. ಅದಕ್ಕೇ ಕೆಟ್ಟ ಮಾತು ಬಾಯಿಂದ ಜಾರಿದ ಕೂಡಲೇ ಪಕ್ಕದಲ್ಲಿದ್ದವರು ‘ಬಿಡ್ತು ಅನ್ನು’ ಎನ್ನುತ್ತಾರೆ. ಅಂದವರು ‘ಬಿಡ್ತು’ ಎನ್ನುತ್ತಾರೆ. ಅಲ್ಲಿಗೆ ಆ ಮಾತು ಆಡಿಲ್ಲ ಎಂದಾಯಿತು.

ಹಿಂದಿನಿಂದ ಒಬ್ಬಳು, “ಇಂಗ್ಲಿಷಲ್ಲಿ ಬರಿಯೇ, ಅವರಿಗೆಲ್ಲಿ ಇಂಗ್ಲಿಷ್ ಬರ್ತದೆ?” ಎಂದಳು.

“ಕಲಿಸೋರು ಇದಾರಲ್ಲ,” ಎಂದು ಈ ಹುಡುಗಿ ನನ್ನ ಮುಖ ನೋಡದೆಯೇ ಹೇಳಿದಳು.

ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ. ಬರೆಯುವವರೆಗೆ ನಿಂತಿರು ಎಂದೆ. ಗಂಟೆ ಹೊಡೆಯುವವರೆಗೂ ನಿಂತಿದ್ದಳು, ಬರೆಯಲಿಲ್ಲ.

ಮರುದಿನ ಅವರಮ್ಮ ಗೌನಿಪಲ್ಲಿಯಿಂದ ಬಸ್ಸಿನಲ್ಲಿ ಬಂದರು. ಕೈಚೀಲದಲ್ಲಿ ನಾಲ್ಕು ಸೀತಾಫಲ. ಬೇಡ ಎಂದರೂ ಮೇಜಿನ ಮೇಲಿಟ್ಟರು.

“ನಮ್ಮ ಹುಡುಗಿ ಎದುರು ಮಾತಾಡಿದ್ಲಾ ಮೇಡಮ್ಮಾ?”

“ಎದುರು ಮಾತಾಡಿಲ್ಲ. ಪಾಠ ಬರೀತಿಲ್ಲ. ಅದು ಬರೀ ವ್ಯಾಕರಣ. ಅದರಿಂದ ಯಾರಿಗೂ ಏನೂ ಆಗಲ್ಲ.”

“ಏನೂ ಆಗಲ್ಲ, ನಂಗೂ ಗೊತ್ತು. ಇಂಗ್ಲಿಷ್ ಕಲೀಲಿ, ಚೆನ್ನಾಗಿ ಕಲೀಲಿ. ಅವರಪ್ಪನ್ನ ಸಾಯ್ಸಿ ಕಲಿಯೋದ್ ಬೇಡ. ಬೇರೆ ಯಾರನ್ನಾದ್ರೂ ಸಾಯ್ಸಿ.”

ಒಂದು ಪ್ರಶ್ನೆ ಬಿಟ್ಟರೆ ಅಂಕ ಹೋಗುತ್ತದೆ, ನಿಯಮ ಎಲ್ಲರಿಗೂ ಒಂದೇ ಎಂದು ಕಳಿಸಿದೆ. ಅಂಕ ಕಳೆದೆ. ಆ ಹುಡುಗಿಯ ತಂದೆಗೆ ಏನೂ ಆಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಾನು ನಿವೃತ್ತಳಾಗುವ ವರ್ಷ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಟ್ರ್ಯಾಕ್ಟರ್ ಮೇಲೆ ನಿಂತು ಯಾರಿಗೋ ಜೋರು ಮಾಡುತ್ತಿದ್ದರು. ಏಳನೆಯ ವಾಕ್ಯವನ್ನು ನಾನು ಕೊನೆಯವರೆಗೂ ತೆಗೆಯಲಿಲ್ಲ. ಆಗದ್ದನ್ನು ಆಗಿದ್ದರೆ ಎಂದು ಯೋಚಿಸಲು ಹೆದರುವವರು ಯಾವುದನ್ನೂ ಮುಂಚಿತವಾಗಿ ಯೋಚಿಸಲಾರರು ಎಂದು ಸಹೋದ್ಯೋಗಿಗಳಿಗೆ ಹೇಳುತ್ತಿದ್ದೆ.

ಹಾಗೆ ಹೇಳುತ್ತಿದ್ದ ನಾನು ಹುಟ್ಟಿದ್ದು ಹುತ್ತೂರಿನಲ್ಲಿ, ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಹುಳುಮನೆಯಲ್ಲಿ ‘ಸತ್ತಿತು’ ಎಂಬ ಪದ ಆಡುವಂತಿರಲಿಲ್ಲ. ರೋಗ ಬಿದ್ದು ತಟ್ಟೆ ತಟ್ಟೆಯೇ ಹೋದರೂ ನಮ್ಮಮ್ಮ ‘ಈ ಸಲ ಕೈಕೊಡ್ತು’ ಎನ್ನುತ್ತಿದ್ದಳೇ ಹೊರತು ಬೇರೆ ಮಾತಿಲ್ಲ. ಬೆಳೆ ಹೇಗಾದೀತು ಎಂದು ಯಾರಾದರೂ ಕೇಳಿದರೆ ‘ನೋಡ್ಬೇಕು’ ಎಂಬುದೊಂದೇ ಉತ್ತರ. ನಾನು ಓದಿ, ಕೆಲಸ ಹಿಡಿದು, ಆ ಮನೆ ಬಿಟ್ಟೆ. ನನಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದ. ನಾನೇ ಕಲಿಸಿದ್ದು. “ಅಕ್ಕಾ, ನಾನೇನಾದ್ರೂ ಪಾಸಾದ್ರೆ ಹುಳಕ್ಕೆ ಸೊಪ್ಪು ಹಾಕೋರ್ಯಾರು?” ಎಂದು ಪುಸ್ತಕ ಮಡಿಸಿಟ್ಟು ಹಿಪ್ಪುನೇರಳೆ ತೋಟಕ್ಕೆ ಹೋದವನು ನಲವತ್ತು ವರ್ಷ ಅಲ್ಲೇ ಉಳಿದ.

ಪ್ರತಿ ಬೆಳೆಗೆ ಮೊದಲು ಹುಳುಮನೆಯನ್ನು ಶುದ್ಧ ಮಾಡಬೇಕು. ಬ್ಲೀಚಿಂಗ್ ಪೌಡರ್, ಫಾರ್ಮಲಿನ್. ಕಿಟಕಿ ಮುಚ್ಚಿ, ಟವೆಲನ್ನು ಮೂಗಿಗೆ ಸುತ್ತಿಕೊಂಡು ಸಿಂಪಡಿಸುತ್ತಿದ್ದ. ಮಾಸ್ಕ್ ತಂದುಕೊಟ್ಟರೆ ಉಸಿರು ಕಟ್ಟುತ್ತದೆ ಎಂದು ಮೊಳೆಗೆ ನೇತುಹಾಕಿದ. ಐವತ್ತೈದು ದಾಟಿದ ಮೇಲೆ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಕೋಲಾರದ ವೈದ್ಯರು ಶ್ವಾಸಕೋಶದ ಚಿತ್ರ ತೋರಿಸಿ, ಹೀರೇಕಾಯಿ ಬಳ್ಳಿಯಲ್ಲೇ ಒಣಗಿ ನಾರಾಗುತ್ತದಲ್ಲ, ಹಾಗಾಗುತ್ತಿದೆ, ನಿಧಾನ ಮಾಡಬಹುದು, ಹಿಂದಕ್ಕೆ ತರಲಾಗದು ಎಂದರು. ಕಾರಣ ಇದೇ ಎಂದು ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ.

ನಿವೃತ್ತಿಯ ನಂತರ ನಾನು ಕೋಲಾರದಲ್ಲಿ ನೆಲೆಸಿದ್ದೆ. ಪ್ರತಿ ಶನಿವಾರ ಹುತ್ತೂರಿಗೆ ಹೋಗುತ್ತಿದ್ದೆ. ಹೋಗುವುದಕ್ಕೂ ಒಂದು ಕ್ರಮ ಮಾಡಿಕೊಂಡಿದ್ದೆ. ಒಂಬತ್ತೂ ಕಾಲಿನ ಬಸ್ಸು. ಹೋದ ಕೂಡಲೇ ಅವನ ಬೆರಳಿಗೆ ಕ್ಲಿಪ್ಪು ಹಾಕಿ ಆಮ್ಲಜನಕದ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವುದು. ಮಾತ್ರೆಗಳನ್ನು ವಾರದ ಡಬ್ಬಿಯಲ್ಲಿ ಜೋಡಿಸುವುದು. ಆಕ್ಸಿಜನ್ ಯಂತ್ರದ ಫಿಲ್ಟರ್ ತೊಳೆಯುವುದು. ಹನ್ನೆರಡೂವರೆಗೆ ಊಟ, ಮೂರೂವರೆಗೆ ವಾಪಸು ಬಸ್ಸು. ನಡುವೆ ಮಾತಿಗೆ ಸಮಯ ಇರುತ್ತಿತ್ತು, ಆದರೆ ಮಾತಿಗೆಂದು ಇಟ್ಟ ಸಮಯ ಇರಲಿಲ್ಲ. ಇದು ಈಗ ಹೊಳೆಯುತ್ತದೆ.

ಹೋದ ವರ್ಷ, ಮಾವಿನ ಹೂವಿನ ಕಾಲ. ಮನೆಯ ಹುಳುಗಳು ನಾಲ್ಕನೆಯ ಜ್ವರ ಎದ್ದಿದ್ದವು. ಪೊರೆ ಕಳಚಲು ಹುಳು ತಿನ್ನದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅವು ತಿನ್ನುವ ತಿನ್ನಾಟಕ್ಕೆ ಎಷ್ಟು ಸೊಪ್ಪು ತಂದರೂ ಸಾಲದು. ತಮ್ಮನ ಹೆಂಡತಿ ಹುಳುಮನೆಯೊಳಗಿದ್ದಳು. ತಮ್ಮ ಒಳಗೆ ಹೋಗುವಂತಿರಲಿಲ್ಲ. ಮೂಗಿನಲ್ಲಿ ನಳಿಕೆ ಸಿಕ್ಕಿಸಿಕೊಂಡು ಜಗುಲಿಯ ಮೇಲೆ ಕೂತು, ಸೊಪ್ಪು ತಿನ್ನುವ ಸದ್ದು ಕೇಳಿಕೊಂಡೇ ಯಾವ ತಟ್ಟೆಗೆ ಕಮ್ಮಿಯಾಗಿದೆ ಎಂದು ಹೇಳುತ್ತಿದ್ದ.

“ಕಿಟ್ಕಿ ಪಕ್ಕದ್ದು ಬರಿದಾಯ್ತು ನೋಡೇ.”

“ಹಾಕ್ತಾ ಇದೀನಿ, ಸುಮ್ನಿರಿ. ಕೂತಲ್ಲೇ ಮೇಷ್ಟ್ರಾಗ್ಬೇಡಿ,” ಎಂದಳು ಅವಳು ಒಳಗಿನಿಂದ.

ನಾನು ಮಾತ್ರೆ ಜೋಡಿಸುತ್ತಿದ್ದೆ. ಬುಧವಾರದ ಖಾನೆಯಲ್ಲಿದ್ದೆ. ತಮ್ಮ ಸ್ವಲ್ಪ ಹತ್ತಿರ ಸರಿದ.

“ಅಕ್ಕಾ, ಒಂದ್ ಮಾತು.”

“ಹೇಳು.”

“ಪಕ್ಕದ ಬೀದಿಯವ್ನು ಆಸ್ಪತ್ರೇಲಿದ್ನಲ್ಲ. ಬಾಯೊಳಗೆ ಪೈಪ್ ಇಳಿಸಿ ಮೆಷೀನ್ಗೆ ಹಾಕಿದ್ರಂತೆ, ಹದಿನಾಲ್ಕು ದಿನ.”

“ಕೇಳಿದ್ದೆ. ಎದ್ದು ಬಂದ್ನಲ್ಲ.”

“ಬಂದ. ಗಂಟ್ಲು ಕೆಟ್ಟೋಗಿದೆ. ಮಾತಾಡಿದ್ರೆ ಕಪ್ಪೆ ವಟಗುಟ್ದಂಗಿರ್ತದೆ. ಹೆಂಡ್ತಿ ಜೊತೆ ಜಗಳಕ್ಕೂ ಆಗಲ್ಲ ಅಂತ ಅಳ್ತಾನೆ.” ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ಕಾದೆ. ಆಮೇಲೆ ದನಿ ತಗ್ಗಿಸಿ ಹೇಳಿದ: “ನಾಳೆ ನಂಗೂ ಹಂಗಾಗಿ, ಉಸ್ರು ನಿಲ್ಲೋ ಹೊತ್ತು ಬಂದ್ರೆ, ನೀನೇ ಹೇಳ್ಬೇಕು ಅಕ್ಕಾ, ಅವಳ ಕೈಲಾಗಲ್ಲ. ಆ ಮೆಷೀನ್ಗೆ ನನ್ನ...”

“ಬಿಡ್ತು ಅನ್ನು,” ಎಂದೆ.

ಯೋಚಿಸಿ ಆಡಿದ ಮಾತಲ್ಲ. ನಮ್ಮಮ್ಮನ ದನಿಯಲ್ಲೇ ಬಂತು. ಕೈಯಲ್ಲಿದ್ದ ಮಾತ್ರೆ ಬುಧವಾರದ ಬದಲು ಗುರುವಾರಕ್ಕೆ ಬಿತ್ತು. ತಮ್ಮ ನನ್ನನ್ನು ನೋಡಿದ, ತುಸು ಬೆರಗಿನಿಂದ.

“ನೀನೂನಾ ಅಕ್ಕಾ,” ಎಂದ.

“ಮೊದ್ಲು ಬಿಡ್ತು ಅನ್ನು. ಒಳಗೆ ಹುಳ ಇಟ್ಕೊಂಡು ಏನ್ ಮಾತು ಅಂತ ಆಡ್ತೀಯೋ.”

“ಬಿಡ್ತು,” ಎಂದ.

ಅಷ್ಟೇ. ಮೆಷೀನಿಗೆ ಹಾಕು ಎನ್ನುವವನಿದ್ದನೋ ಹಾಕಬೇಡ ಎನ್ನುವವನಿದ್ದನೋ, ನಾನು ಕೇಳಲಿಲ್ಲ. ಊಟವಾಯಿತು. ಹುಣಸೆ ಚಿಗುರಿನ ಸಾರು, ಮುದ್ದೆ. ಮೂರೂವರೆಗೆ ಬಸ್ಸು ಹತ್ತಿದೆ. ಮುಂದಿನ ಎರಡು ಶನಿವಾರವೂ ಹೋದೆ. ಅವನು ಆ ಮಾತು ಎತ್ತಲಿಲ್ಲ. ಎತ್ತದೆ ಇದ್ದುದು ನನಗೆ ಹಗುರವಾಗಿತ್ತು ಎಂಬುದನ್ನು ಇಲ್ಲಿ ಬರೆಯಬೇಕು.

ಮೂರನೆಯ ಶನಿವಾರ ಬರುವ ಮೊದಲೇ, ಒಂದು ಬೆಳಿಗ್ಗೆ, ನಾನು ರಾಗಿ ಗಂಜಿಗೆ ನೀರಿಡುತ್ತಿದ್ದಾಗ ಫೋನು ಬಂತು. ತಮ್ಮನ ಹೆಂಡತಿ. ಅವಳ ತವರು ಗೌನಿಪಲ್ಲಿಯ ಆಚೆ, ಆಂಧ್ರದ ಗಡಿಗೆ ತಾಗಿದ ಹಳ್ಳಿ. ನನ್ನನ್ನು ತೆಲುಗಿನಲ್ಲಿ ‘ವದಿನಾ’ ಎಂದೇ ಕರೆಯುತ್ತಾಳೆ, ಗಂಡನ ಅಕ್ಕನಿಗೆ ಅವರಲ್ಲಿ ಹಾಗೆನ್ನುವುದು.

“ವದಿನಾ, ಆಂಬುಲೆನ್ಸಲ್ಲಿ ಇದೀವಿ. ಕೋಲಾರಕ್ಕೆ ಬರ್ತಾ ಇದೀವಿ. ನೀವು ಆಸ್ಪತ್ರೆ ಹತ್ರ ಇರಿ.”

ಗ್ಯಾಸು ಆರಿಸಿ ಹೊರಟೆ. ಅವರಿಗಿಂತ ಮೊದಲೇ ತಲುಪಿದೆ. ಸ್ಟ್ರೆಚರಿನಲ್ಲಿ ಇಳಿಸಿದಾಗ ತಮ್ಮನ ತುಟಿ ನೇರಳೆಯಾಗಿತ್ತು. ಕಣ್ಣು ತೆರೆದಿದ್ದವು, ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ. ಎದೆ ಮಾತ್ರ ಏರಿ ಇಳಿಯುತ್ತಿತ್ತು, ಬೆಟ್ಟ ಹತ್ತಿ ಬಂದವನ ಹಾಗೆ.

ಒಂದು ಗಂಟೆಯ ನಂತರ ವೈದ್ಯೆ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಸರ ಮಾಡಲಿಲ್ಲ, ನಿಂತೇ ಹೇಳಿದರೂ ಪ್ರತಿಯೊಂದನ್ನೂ ಬಿಡಿಸಿ ಹೇಳಿದರು.

“ಮಾಸ್ಕಲ್ಲಿ ಕೊಡ್ತಿರೋ ಆಕ್ಸಿಜನ್ ಸಾಲ್ತಿಲ್ಲ. ಇನ್ನು ಉಳ್ದಿರೋದು ವೆಂಟಿಲೇಟರ್ ಒಂದೇ.”

“ಹಾಕಿದ್ರೆ ಸರಿಹೋಗ್ತಾರಾ?” ಎಂದಳು ತಮ್ಮನ ಹೆಂಡತಿ.

“ಈ ಶ್ವಾಸಕೋಶಕ್ಕೆ ಒಂದ್ಸಲ ಹಾಕಿದ್ರೆ ತೆಗೆಯೋದು ಕಷ್ಟ ಅಮ್ಮಾ. ಹೊರಗೆ ಬರೋರು ಇದ್ದಾರೆ, ಕಮ್ಮಿ. ಹಾಕ್ದೇ ಇದ್ರೆ ಇವತ್ತೋ ನಾಳೆಯೋ. ನೋವಾಗದ ಹಾಗೆ ನೋಡ್ಕೋತೀವಿ.” ಆಮೇಲೆ ನನ್ನ ಕಡೆ ತಿರುಗಿದರು. “ಇದರ ಬಗ್ಗೆ ಅವರು ಮೊದಲೇ ಏನಾದ್ರೂ ಹೇಳಿದ್ರಾ? ಈಗ ಅವರಿಗೆ ಮಾತಾಡೋಕೆ ಆಗೋ ಹಾಗಿದ್ದಿದ್ರೆ ಏನು ಹೇಳ್ತಿದ್ರು?”

ಎಷ್ಟು ಸಲ ಈ ಬಗೆಯ ಪ್ರಶ್ನೆಯನ್ನು ನಾನು ಮಕ್ಕಳ ಮುಂದಿಟ್ಟಿದ್ದೆನೋ. ಇಲ್ಲದ್ದನ್ನು ಇದೆ ಎಂದುಕೊಂಡು, ಅಲ್ಲಿಂದ ಮುಂದೆ ಸರಿಯಾಗಿ ಯೋಚಿಸಿ ಹೇಳು ಎಂದು. ತಮ್ಮನ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ನಂಗೆ ಗೊತ್ತಿಲ್ಲ ವದಿನಾ. ನನ್ನ ಹತ್ರ ಒಂದೆರಡು ಸಲ ಮಾತು ತೆಗೆದ್ರು. ನಾನು ಬಾಯಿ ಮುಚ್ಚಿಸ್ದೆ. ನಿಮ್ಮ ಹತ್ರ ಏನಾದ್ರೂ ಅಂದ್ರಾ?”

ನನಗೂ ಗೊತ್ತಿಲ್ಲ ಎನ್ನಬೇಕಿತ್ತು. ಹಾಗೆಂದಿದ್ದರೆ ವೈದ್ಯೆ ಹಾಕೋಣ ಎನ್ನುತ್ತಿದ್ದರೋ ಏನೋ, ಹದಿನಾಲ್ಕು ದಿನವೋ ಎಷ್ಟೋ. ಆದರೆ ಗೊತ್ತಿಲ್ಲ ಎಂದು ಹೇಳಿ ನನಗೆ ಅಭ್ಯಾಸವಿರಲಿಲ್ಲ. ಅದೂ ಅಲ್ಲದೆ, ಪೈಪು, ಕಟ್ಟಿಹಾಕಿದ ಕೈ, ಅಷ್ಟು ದಿನ ಅರ್ಧಂಬರ್ಧ, ಇವು ನನ್ನ ಕಣ್ಣ ಮುಂದೆ ಬಂದವು. ನನಗಾದರೆ ಬೇಡ. ಇದನ್ನು ನಾನು ಎಂದೋ ತೀರ್ಮಾನಿಸಿಕೊಂಡಿದ್ದೆ. ಅವನು ನನ್ನ ತಮ್ಮ, ಒಂದೇ ಮನೆಯಲ್ಲಿ ಬೆಳೆದವರು, ಅವನದೂ ಅದೇ ಇರಬೇಕು. ಇಷ್ಟು ಯೋಚನೆಗೆ ಹಿಡಿದ ಸಮಯ ಕಾರಿಡಾರಿನಲ್ಲಿ ಒಂದು ಗಾಲಿಕುರ್ಚಿ ನಮ್ಮನ್ನು ದಾಟಿ ಹೋದಷ್ಟು.

“ಬೇಡ ಅಂದಿದ್ದ,” ಎಂದೆ.

“ಸ್ಪಷ್ಟವಾಗಿ ಹೇಳಿದ್ರಾ ಮೇಡಂ?”

“ಸ್ಪಷ್ಟವಾಗಿ.”

ತಮ್ಮನ ಹೆಂಡತಿ ಉಸಿರು ಬಿಟ್ಟಳು. “ನಿಮ್ಮ ಹತ್ರ ಹೇಳಿದ್ರೆ ಸರಿ ವದಿನಾ,” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಬೆಂಚಿನ ಮೇಲೆ ಕೂತಳು. ತೀರ್ಮಾನ ತನ್ನ ತಲೆಯ ಮೇಲೆ ಬೀಳಲಿಲ್ಲ ಎಂಬ ಬಿಡುಗಡೆ ಅವಳ ಭುಜಗಳಲ್ಲೇ ಕಾಣುತ್ತಿತ್ತು.

ನರ್ಸು ಒಂದು ಹಾಳೆ ತಂದರು. ಮನೆಯವರು ತಮ್ಮ ಮಾತಿನಲ್ಲೇ ಬರೆದು ಸಹಿ ಹಾಕಬೇಕು. ಕನ್ನಡದಲ್ಲೂ ಬರೆಯಬಹುದಿತ್ತು. ನಾನು ಇಂಗ್ಲಿಷಿನಲ್ಲಿ ಬರೆದೆ. ‘ಇಟ್ ವಾಸ್ ಹಿಸ್ ವಿಶ್ ದಟ್ ಹಿ ನಾಟ್ ಬಿ ಪುಟ್ ಆನ್ ಎ ವೆಂಟಿಲೇಟರ್.’ ತನ್ನನ್ನು ವೆಂಟಿಲೇಟರಿಗೆ ಹಾಕಬಾರದು ಎಂಬುದು ಅವನ ಇಚ್ಛೆಯಾಗಿತ್ತು, ಎಂದು. ಕರಿಹಲಗೆಯ ಎರಡನೆಯ ಭಾಗದಲ್ಲಿ ಮೂವತ್ತೊಂದು ವರ್ಷ ಬರೆದ ಬಗೆಯ ವಾಕ್ಯ. ಸಾಲು ಓರೆಯಾಗಲಿಲ್ಲ.

ವೈದ್ಯೆ ಓದಿ, “ಇಷ್ಟು ನೀಟಾಗಿ ಯಾರೂ ಬರ್ಕೊಡಲ್ಲ ಮೇಡಂ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

ಆ ವಾಕ್ಯದಲ್ಲಿ ವ್ಯಾಕರಣದ ತಪ್ಪು ಇರಲಿಲ್ಲ. ‘ಅವನ ಇಚ್ಛೆ’ ಎಂದಿದ್ದ ಕಡೆ ‘ನನ್ನ ಇಚ್ಛೆ’ ಎಂದಿರಬೇಕಿತ್ತು, ಅಷ್ಟೇ.

ಆ ಇಡೀ ದಿನ, ಮರುದಿನ ಮಧ್ಯಾಹ್ನದವರೆಗೆ, ತಮ್ಮ ಬದುಕಿದ್ದ. ಔಷಧಿ ಕೊಟ್ಟಿದ್ದರು, ನೋವಿರಲಿಲ್ಲ ಎಂದು ವೈದ್ಯೆ ಹೇಳಿದರು, ನಂಬುತ್ತೇನೆ. ತಮ್ಮನ ಮಗಳು ಸಂಜೆ ಬಂದಳು. ಅವಳ ಮನೆ ಲಕ್ಕೂರಿನಲ್ಲಿ, ಮಾಲೂರು ಕಡೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಶಿಫ್ಟಿನ ಹೊತ್ತಿಗೆ ಫೋನು ಲಾಕರಿನಲ್ಲಿಡಬೇಕಾದ್ದರಿಂದ ಸುದ್ದಿ ತಡವಾಗಿ ತಿಳಿದಿತ್ತು. ಯೂನಿಫಾರಂ ಬದಲಾಯಿಸದೆ ಬಂದಿದ್ದಳು. ಯಾಕೆ ವೆಂಟಿಲೇಟರ್ ಹಾಕಿಲ್ಲ ಎಂದು ಕೇಳಿದಳು. ಅಪ್ಪನೇ ಬೇಡ ಅಂದಿದ್ದರಂತೆ, ಅತ್ತೆ ಹತ್ತಿರ ಹೇಳಿದ್ದರಂತೆ ಎಂದು ಅವರಮ್ಮ ಹೇಳಿದಳು. ಮಗಳು ನನ್ನ ಕಡೆ ನೋಡಿ ತಲೆಯಾಡಿಸಿದಳು. ಅತ್ತೆ ಹೇಳಿದ ಮೇಲೆ ಮುಗಿಯಿತು ಎನ್ನುವ ಹಾಗೆ.

ಮರುದಿನ ಬೆಳಿಗ್ಗೆ ನಾನೊಬ್ಬಳೇ ಹಾಸಿಗೆಯ ಪಕ್ಕದಲ್ಲಿದ್ದೆ. ತಮ್ಮ ಎರಡೂ ಕೈ ಎತ್ತಿ ಮುಖದ ಮೇಲಿದ್ದ ಮಾಸ್ಕನ್ನು ಹಿಡಿದ. ಕಿತ್ತುಹಾಕುತ್ತಾನೆ ಎಂದುಕೊಂಡೆ. ಇಂಥ ಹೊತ್ತಿನಲ್ಲಿ ಬಹಳ ಮಂದಿ ಕಿತ್ತುಹಾಕುತ್ತಾರೆ ಎಂದು ನರ್ಸು ಮೊದಲೇ ಹೇಳಿದ್ದರು. ಅವನು ಕೀಳಲಿಲ್ಲ. ಬೆರಳುಗಳ ಗಿಣ್ಣು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಒತ್ತಿಕೊಂಡ. ಗಾಳಿ ಎಲ್ಲೂ ಸೋರಿಹೋಗದಂತೆ. ಹುಳುಮನೆಯಲ್ಲಿ ಮೂಗಿಗೆ ಮಾಸ್ಕ್ ಬೇಡ ಎಂದವನು. ನಾನು ಅವನ ಕೈ ಮುಟ್ಟಿದೆ. ಬಿಡಲಿಲ್ಲ. ಕೈ ತಾನಾಗಿಯೇ ಸಡಿಲವಾಗುವವರೆಗೆ ಬಹಳ ಹೊತ್ತು ಹಿಡಿದಿದ್ದ.

ಎದ್ದು ಹೋಗಿ ವೈದ್ಯೆಗೆ ಹೇಳಬಹುದಿತ್ತು. ನಾನು ಬರೆದದ್ದು ಸುಳ್ಳು, ಹಾಕಿ ಎನ್ನಬಹುದಿತ್ತು. ಬಾಗಿಲು ಹತ್ತು ಹೆಜ್ಜೆ ದೂರ. ಈಗ ತಡವಾಯಿತು, ಹಾಕಿದರೂ ಪ್ರಯೋಜನವಿಲ್ಲ ಎಂದು ನಾನೇ ತೀರ್ಮಾನಿಸಿದೆ. ವೈದ್ಯೆಯನ್ನು ಕೇಳಿ ತೀರ್ಮಾನಿಸಿದ್ದಲ್ಲ. ಎರಡು ಗಂಟೆಗೆ ಉಸಿರು ನಿಂತಿತು.

ಹುತ್ತೂರಿನ ತೋಟದಲ್ಲೇ ಮಣ್ಣು ಮಾಡಿದರು. ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಆಗಷ್ಟೇ ಹೊಸದಾಗಿ ತಂದಿದ್ದ ಹುಳುವನ್ನು ಪಕ್ಕದವರು ತಮ್ಮ ಮನೆಗೆ ಒಯ್ದು ನೋಡಿಕೊಂಡಿದ್ದರು. ಮುಂದಿನ ಶನಿವಾರ ಎಂದಿನಂತೆ ಒಂಬತ್ತೂ ಕಾಲಿನ ಬಸ್ಸಿಗೆ ಹೋದೆ. ಮಾತ್ರೆಯಿಲ್ಲ, ಫಿಲ್ಟರಿಲ್ಲ. ಮಗಳು ರಜೆ ಹಾಕಿ ಅಮ್ಮನ ಜೊತೆಗಿದ್ದಳು, ಅಡುಗೆಮನೆಯಲ್ಲಿ ಕಾಫಿಗಿಟ್ಟಿದ್ದಳು. ತಮ್ಮನ ಹೆಂಡತಿ ಜಗುಲಿಯ ಮೇಲೆ ನನ್ನ ಎದುರಿಗೆ ಕೂತಳು.

“ವದಿನಾ, ಒಂದ್ ಕೇಳ್ಲಾ?”

“ಕೇಳು.”

“ಅವರು ನಿಮ್ಮ ಹತ್ರ ಹೇಳಿದ್ರಲ್ಲ, ಮೆಷೀನ್ ಬೇಡ ಅಂತ. ಹೆಂಗೆ ಹೇಳಿದ್ರು? ಅವರ ಮಾತಲ್ಲೇ ಚೆಪ್ಪಂಡಿ, ಹಂಗೇ ಹೇಳಿ. ನಾನಂತೂ ಒಂದಿನಾನೂ ಪೂರ್ತಿ ಕೇಳಿಸ್ಕೊಳ್ಳಿಲ್ಲ. ಅಂದ ಮಾತಾದ್ರೂ ಕಿವಿಗೆ ಬೀಳ್ಲಿ.”

ಆಗ ಸುಳ್ಳು ಹೇಳಲಾಗಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದೆ. ಪಕ್ಕದ ಬೀದಿಯವನ ಕತೆ. ಕೆಮ್ಮು. ಉಸ್ರು ನಿಲ್ಲೋ ಹೊತ್ತು ಬಂದ್ರೆ ನೀನೇ ಹೇಳ್ಬೇಕು ಅಕ್ಕಾ ಎಂದದ್ದು. ಆ ಮೆಷೀನ್ಗೆ ನನ್ನ, ಎಂಬಲ್ಲಿಗೆ ನಾನು ತಡೆದದ್ದು. ಅವಳು ಕಾದಳು.

“ಆಮೇಲೆ?”

“ಆಮೇಲೆ ಏನೂ ಇಲ್ಲ. ಮಿಕ್ಕಿದ್ದು ನಾನು ಸೇರ್ಸಿದ್ದು.”

ಅವಳು ಬೈಯಲಿಲ್ಲ. ಬೈದಿದ್ದರೆ ಕೂತು ಕೇಳುತ್ತಿದ್ದೆ. ಸೀರೆಯ ಅಂಚಿಗೆ ಅಂಟಿದ್ದ ಒಣ ಹುಲ್ಲಿನ ಕಡ್ಡಿಗಳನ್ನು ಒಂದೊಂದಾಗಿ ಬಿಡಿಸಿದಳು.

“ಆ ಪಕ್ಕದ ಬೀದಿಯವ್ರ ಮನೆಗೆ ದಿನಾ ಹೋಗಿ ಕೂತ್ಕೋತಿದ್ರು,” ಎಂದಳು ಕೊನೆಗೆ. “ಮೆಷೀನಲ್ಲಿದ್ದಾಗ ಹೆಂಗಿತ್ತು, ನೋವಾಯ್ತಾ, ಗ್ಯಾನ ಇತ್ತಾ ಅಂತ ಕೇಳ್ಕೊಂಡ್ ಬರೋರು. ಹೆದ್ರಿಕೆಗೆ ಕೇಳ್ತಿದ್ರೋ, ಆಸೆಗೆ ಕೇಳ್ತಿದ್ರೋ, ನಂಗೆ ಇವತ್ತಿಗೂ ತಿಳೀಲಿಲ್ಲ.”

“ನಂಗೂ ತಿಳೀಲಿಲ್ಲ.”

“ನಿಮಗೆ ತಿಳ್ದಿದೆ ಅಂದ್ಕೊಂಡೇ ನಾನು ಸುಮ್ಮನಾಗಿದ್ದು ವದಿನಾ.”

ಅಡುಗೆಮನೆಯಲ್ಲಿ ಲೋಟಗಳ ಸದ್ದಾಯಿತು. ಅವಳು ಆ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು.

“ನಂಗೆ ಹೇಳಿದ್ರಿ, ಆಯ್ತು. ಅವಳಿಗೆ ಹೇಳ್ಬೇಡಿ. ಅಪ್ಪ ಬೇಡ ಅಂದ್ರು ಅನ್ನೋದು ಹಿಡ್ಕೊಂಡು ಅವಳು ಮತ್ತೆ ಡ್ಯೂಟಿಗೆ ಹೋಗ್ತಾಳೆ. ಅದನ್ನ ಕಿತ್ಕೋಬೇಡಿ. ಅಷ್ಟು ಮಾಡಿ, ಸಾಕು.”

ಮಗಳು ಮೂರು ಲೋಟ ಕಾಫಿ ತಂದು ಇಟ್ಟಳು. ಅಮ್ಮನ ಪಕ್ಕದಲ್ಲಿ ಕೂತು, ಲೋಟ ಎತ್ತಿಕೊಳ್ಳದೆ, ನನ್ನನ್ನು ಕೇಳಿದಳು.

“ಅತ್ತೆ, ಅಪ್ಪ ನಿಮ್ಮ ಹತ್ರ ಏನಂದ್ರು? ಇದ್ದದ್ದು ಇದ್ದ ಹಾಗೆ ಹೇಳಿ.”

ತಮ್ಮನ ಹೆಂಡತಿ ಅಂಗಳದ ಕಡೆ ಮುಖ ತಿರುಗಿಸಿದಳು.

“‘ಉಸ್ರು ನಿಲ್ಲೋ ಹೊತ್ತು ಬಂದ್ರೆ ಆ ಮೆಷೀನ್ಗೆ ನನ್ನ ಹಾಕೋದ್ ಬೇಡ ಅಕ್ಕಾ, ನೀನೇ ಹೇಳ್ಬಿಡು’ ಅಂದ,” ಎಂದೆ.

ಅವಳ ಕಣ್ಣು ತುಂಬಿತು. ಇನ್ನೊಂದು ಸಲ ಹೇಳಿ ಎಂದಳು. ಇನ್ನೊಂದು ಸಲ ಹೇಳಿದೆ, ಒಂದು ಪದವೂ ವ್ಯತ್ಯಾಸವಾಗದಂತೆ.